ಬಯಲಿನಿಂದ ತೋಟಕ್ಕೆ ನುಗ್ಗುವಾಗ ಮಾತ್ರ ದಿಮ್ಮಿಯ ಮುಂದೆ ನಿಲ್ಲುವ ಕುದುರೆ

ಬಾಣೆಮನೆ | ಜನವರಿ 9

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಕಾಫಿ ತೋಟ. ಮಳೆಗಾಲ ಮುಗಿದ ಮೇಲೆ ಮೈಸೂರಿನಿಂದ ರೇಸ್ ಬಿಟ್ಟ ಕುದುರೆಯೊಂದನ್ನು ತಂದೆವು. ಕಂದು ಬಣ್ಣ, 7 ವರ್ಷ, ಬೀಜ ತೆಗೆಸಿದ ಗಂಡು. ಮಗಳಿಗೆ 15. ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಎರಡು ವರ್ಷ ಸವಾರಿ ಕಲಿತಿದ್ದಾಳೆ. ಈಗ ಅವಳಿಗೆ ಅಂಗಳದ ಬಣ್ಣದ ಕೋಲುಗಳು ಸಾಲುತ್ತಿಲ್ಲ. ದಿಮ್ಮಿ, ಬರೆ (ಮಣ್ಣಿನ ದಿಬ್ಬ), ತೋಡು (ಸಣ್ಣ ಹಳ್ಳ) ಹಾರಿಸುವ ಕ್ರಾಸ್ ಕಂಟ್ರಿಯೇ ಬೇಕಂತೆ.

ತೋಟ ಮುಗಿದು ನಮ್ಮ ಬಾಣೆಯ, ಅಂದರೆ ಮನೆಗೆ ಸೇರಿದ ಹುಲ್ಲುಗುಡ್ಡದ, ಬಯಲು ಶುರುವಾಗುವಲ್ಲಿ ಗಾಳಿಗೆ ಉರುಳಿದ ಸಿಲ್ವರ್ ಓಕ್ ದಿಮ್ಮಿಯೊಂದು ದಾರಿಗೆ ಅಡ್ಡ ಬಿದ್ದಿದೆ. ಮೊಣಕಾಲೆತ್ತರಕ್ಕಿಂತ ಕಡಿಮೆ. ತೋಟದೊಳಗಿನಿಂದ ಬಯಲಿಗೆ ಬರುವಾಗ ಕುದುರೆ ಅದನ್ನು ಬೆಕ್ಕಿನ ಹಾಗೆ ದಾಟುತ್ತದೆ. ಅದೇ ದಿಮ್ಮಿಯನ್ನು ಬಯಲಿನಿಂದ ತೋಟದ ಕಡೆಗೆ ದಾಟಿಸಲು ಹೋದರೆ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ನಿಂತುಬಿಡುತ್ತದೆ. ಹತ್ತು ಸಲದಲ್ಲಿ ಎಂಟು ಸಲ ಹೀಗೆ. ಕುದುರೆ ನೋಡಿಕೊಳ್ಳುವ ಹುಡುಗ "ಎರಡು ಬಿಗಿದರೆ ಸರಿಹೋಗುತ್ತದೆ" ಎನ್ನುತ್ತಾನೆ. ನನಗೆ ಮನಸ್ಸಿಲ್ಲ. ಇದು ಮೊಂಡೋ, ಭಯವೋ, ಕಲಿಸಿದ್ದೇ ತಪ್ಪೋ? ತಿಳಿದವರು ಹೇಳಿ.

ಕರಿಮೆಣಸು | ಜನವರಿ 9

ರೋಬಸ್ಟಾ ಕೊಯ್ಲಿಗೆ ಆಳು ಸಿಗದೆ ನಾವಿಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದೇವೆ, ನಿಮಗೆ ಕುದುರೆ ಹಾರಿಸಲು ಪುರುಸೊತ್ತು! ತಮಾಷೆಗೆ ಹೇಳಿದೆ, ಬೇಸರ ಬೇಡ. ಆದರೂ ಕೊಡಗು ಕುದುರೆಯ ನಾಡಲ್ಲ ಸ್ವಾಮಿ. ನಮ್ಮ ಕಾರ್ಯಪ್ಪನವರು ರಜಪೂತ್ ರೆಜಿಮೆಂಟಿನವರು, ತಿಮ್ಮಯ್ಯನವರು ಕುಮಾವೂನಿನವರು, ಇಬ್ಬರೂ ಕಾಲಾಳು ಪಡೆಯಿಂದಲೇ ಮೇಲೆ ಬಂದವರು.

ಹಳೆಯ ರಿಸಾಲೆ | ಜನವರಿ 9

ಕರಿಮೆಣಸು ಅವರೇ, ಕಾಲಾಳುಗಳ ನಾಡಿನಿಂದ ಹೋಗಿ 22 ವರ್ಷ ಸೈನ್ಯದ ಕುದುರೆಗಳ ಜೊತೆ ಕಳೆದವನು ನಾನು. ಒಬ್ಬನಾದರೂ ಇದ್ದೇನೆ ಎಂದು ಬರೆದುಕೊಳ್ಳಿ.

ಬಾಣೆಮನೆ ಅವರೇ, ಮೊದಲು ಆ ಹುಡುಗನ ಕೈಯಿಂದ ಚಾಟಿ ತೆಗೆದು ಅಟ್ಟಕ್ಕೆ ಹಾಕಿ. ದಿಮ್ಮಿಯ ಮುಂದೆ ಪೆಟ್ಟು ತಿಂದ ಕುದುರೆಗೆ ನೆನಪಿನಲ್ಲಿ ಉಳಿಯುವುದು "ದಿಮ್ಮಿ ಎಂದರೆ ಪೆಟ್ಟು" ಎಂಬುದೊಂದೇ.

ಎರಡನೆಯದು, ರೇಸ್ ಕುದುರೆಗೆ ಕಲಿಸಿರುವ ಭಾಷೆಯೇ ಬೇರೆ. ನಾವು ಲಗಾಮು ಹಿಡಿದೆಳೆದರೆ ನಿಲ್ಲಬೇಕು ಎಂದುಕೊಳ್ಳುತ್ತೇವೆ. ಅದು ಕಲಿತದ್ದು, ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡಬೇಕೆಂದು. ಹಾಗಾಗಿ ದಿಮ್ಮಿಯ ಹತ್ತಿರ ಹುಡುಗಿ ಹೆದರಿ ಲಗಾಮು ಬಿಗಿ ಹಿಡಿದರೆ ಕುದುರೆಯ ಓಟ ಉದ್ದವಾಗಿ ಚಪ್ಪಟೆಯಾಗುತ್ತದೆ, ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಮುಂಗಾಲಿನ ಮೇಲೆ ಭಾರ ಬಿದ್ದ ಕುದುರೆ ಹಾರುವುದು ಹೇಗೆ? ಕ್ರಾಸ್ ಕಂಟ್ರಿಯಲ್ಲಿ ಹಾರುವ ಕೆಲಸ ಕುದುರೆಯದು. ಸವಾರನ ಕೆಲಸ ಅದಕ್ಕೂ ಮೊದಲಿನ ಇಪ್ಪತ್ತು ಹೆಜ್ಜೆ. ವೇಗ, ಸಮತೋಲ, ನೇರ, ಈ ಮೂರನ್ನು ಸರಿಮಾಡಿ ಕೊಟ್ಟು ಸುಮ್ಮನಿರಬೇಕು.

ಆರು ವಾರ ದಿಮ್ಮಿಯ ಆಸೆ ಬಿಡಿ. ಬಾಣೆಯ ಇಳಿಜಾರಿನಲ್ಲಿ ದಿನಾ 40 ನಿಮಿಷ ಸಡಿಲ ಲಗಾಮಿನಲ್ಲಿ ನಡಿಗೆ. ಏರಿನಲ್ಲಿ ಹಿಂಗಾಲು ಬಲಿಯುತ್ತದೆ, ಇಳಿಜಾರಿನಲ್ಲಿ ಹಿಂಭಾಗವನ್ನು ಅಡಿಗೆ ತಂದುಕೊಳ್ಳುವುದನ್ನು ಕುದುರೆ ತಾನೇ ಕಲಿಯುತ್ತದೆ. ಬೆಂಗಳೂರಿನ ಸವಾರಿ ಶಾಲೆಗಳು ಹಣ ಕೊಟ್ಟರೂ ಪಡೆಯಲಾಗದ ಸೌಕರ್ಯ ನಿಮ್ಮ ಹಿತ್ತಿಲಲ್ಲೇ ಬಿದ್ದಿದೆ.

ಬಾಣೆಮನೆ | ಜನವರಿ 10

ಧನ್ಯವಾದ ಸರ್. ಚಾಟಿ ಈಗ ಅಟ್ಟದಲ್ಲಿದೆ. ಆದರೆ ಒಂದು ಗೊಂದಲ. ಲಗಾಮು ಬಿಗಿ ಹಿಡಿಯುವುದೇ ಕಾರಣವಾದರೆ ಎರಡೂ ದಿಕ್ಕಿನಲ್ಲಿ ನಿಲ್ಲಬೇಕಿತ್ತಲ್ಲ? ಬಯಲಿಗೆ ಬರುವಾಗ ಒಮ್ಮೆಯೂ ನಿಂತಿಲ್ಲ.

ಬೆಂಗಳೂರು ಲಗಾಮು | ಜನವರಿ 10

ಬಯಲಿಗೆ ಬರುವಾಗ ಮನೆಯ ಕಡೆಗೆ ಬರುತ್ತದೆಯೇ? ಮನೆ ಕಡೆಗಾದರೆ ಕುಂಟು ಕುದುರೆಯೂ ಹಾರುತ್ತದೆ.

ಬಾಣೆಮನೆ | ಜನವರಿ 10

ಇಲ್ಲ. ಲಾಯ ಇರುವುದು ತೋಟದೊಳಗೆ, ಕಾಫಿ ಕಣದ ಪಕ್ಕ. ಅಂದರೆ ಮನೆಯ ಕಡೆ ಬರುವಾಗಲೇ ನಿಲ್ಲುತ್ತದೆ. ಅದಕ್ಕೇ ನಮಗೆ ತಲೆಬುಡ ಅರ್ಥವಾಗುತ್ತಿಲ್ಲ.

ಲಾಯದ ವೈದ್ಯೆ | ಜನವರಿ 10

ಕುದುರೆಗಳಿಗೇ ಚಿಕಿತ್ಸೆ ಮಾಡುವ ಪಶುವೈದ್ಯೆ ನಾನು. ಬುದ್ಧಿವಾದಕ್ಕೆ ಮೊದಲು ನೋವು ಎಲ್ಲಾದರೂ ಇದೆಯೇ ನೋಡಿ. ಜೀನಿನ ಕೆಳಗೆ ಬೆನ್ನೆಲುಬಿನ ಎರಡೂ ಬದಿಯ ಮಾಂಸವನ್ನು ಬೆರಳ ತುದಿಯಿಂದ ಒತ್ತುತ್ತ ಬನ್ನಿ. ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ಅಲ್ಲಿ ನೋವಿದೆ. ಹಲ್ಲು ಯಾವಾಗ ಅರದಿಂದ ಉಜ್ಜಿಸಿದ್ದೀರಿ? ಕುದುರೆಯ ಹಲ್ಲು ಬೆಳೆಯುತ್ತಲೇ ಇರುತ್ತದೆ. ಕೆನ್ನೆಯ ಕಡೆಯ ಅಂಚು ಚೂಪಾದರೆ ಕಡಿವಾಣ ತಾಗಿದಾಗಲೆಲ್ಲ ಕೊಯ್ಯುತ್ತದೆ. ಲಾಳ ಬದಲಾಯಿಸಿ ಎಷ್ಟು ವಾರವಾಯಿತು?

ಇನ್ನೊಂದು ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಹಾರಿಸುವುದು ದಿನದ ಯಾವ ಹೊತ್ತಿನಲ್ಲಿ? ಹತ್ತರಲ್ಲಿ ಎಂಟು ಸಲ ನಿಂತಿತು ಎಂದಿರಿ, ಹಾರಿದ ಆ ಎರಡು ಸಲ ಯಾವಾಗ?

ಬಾಣೆಮನೆ | ಜನವರಿ 11

ಬೆನ್ನು ಒತ್ತಿ ನೋಡಿದೆವು, ಕದಲಲಿಲ್ಲ. ಹಲ್ಲು ಅಕ್ಟೋಬರಿನಲ್ಲಿ ಮಾಡಿಸಿದ್ದು. ಲಾಳಕ್ಕೆ ಆರು ವಾರಕ್ಕೊಮ್ಮೆ ಮೈಸೂರಿನಿಂದ ಒಬ್ಬರು ಬರುತ್ತಾರೆ, ಬಸ್ ಚಾರ್ಜು, ಊಟ, ಜೊತೆಗೆ ಒಂದು ಕಿಲೋ ಕಾಳುಮೆಣಸು ಕೊಡುತ್ತೇವೆ.

ಹೊತ್ತಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಮಗಳು ಶಾಲೆಯಿಂದ ಬಂದ ಮೇಲೆ, ನಾಲ್ಕು ಗಂಟೆಯ ಬಿಸಿಲಿನಲ್ಲಿ ಅಭ್ಯಾಸ. ಹಾರಿದ ಎರಡೂ ಸಲ ಭಾನುವಾರ ಬೆಳಿಗ್ಗೆ. ಅವಳು ಬರೆದಿಟ್ಟುಕೊಂಡಿದ್ದಾಳೆ: "ಮಂಜು, ಬಾಣೆ ಕಾಣುತ್ತಿರಲಿಲ್ಲ, ಆದರೂ ಹಾರಿದ." ನಾವು ಅದನ್ನು ಅದೃಷ್ಟ ಎಂದುಕೊಂಡಿದ್ದೆವು.

ಲಾಯದ ವೈದ್ಯೆ | ಜನವರಿ 11

ಅದೃಷ್ಟ ಅಲ್ಲ, ಬೆಳಕು.

ನೀವೇ ಬಿಸಿಲಿನಲ್ಲಿ ನಿಂತು ತೋಟದೊಳಗೆ ನೋಡಿ. ಸಿಲ್ವರ್ ಓಕ್ ನೆರಳಿನ ಕೆಳಗೆ ಕಾಫಿ ಗಿಡ, ಅದರ ಕೆಳಗೆ ಇನ್ನಷ್ಟು ಕತ್ತಲೆ. ನಮ್ಮ ಕಣ್ಣು ಒಂದೆರಡು ಕ್ಷಣದಲ್ಲಿ ಒಂದಿಷ್ಟು ಹೊಂದಿಕೊಳ್ಳುತ್ತದೆ. ಕುದುರೆ ಮಬ್ಬುಗತ್ತಲಲ್ಲಿ ನಮಗಿಂತ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಆ ದಿಮ್ಮಿಯ ಆಚೆ ನೆಲವಿದೆಯೋ ಹಳ್ಳವಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಕಪ್ಪು ಗೋಡೆಯೊಳಕ್ಕೆ ಹಾರು ಎಂದರೆ ನೀವು ಹಾರುತ್ತೀರಾ? ಒಳಗಿನಿಂದ ಹೊರಗೆ ಬರುವಾಗ ಈ ತೊಂದರೆಯಿಲ್ಲ, ಮುಂದೆ ಎಲ್ಲವೂ ಬೆಳ್ಳಗೆ ಕಾಣುತ್ತದೆ. ಮಂಜಿನ ಬೆಳಿಗ್ಗೆ ಬಯಲೂ ತೋಟವೂ ಒಂದೇ ಬೂದಿ ಬಣ್ಣ. ಅದಕ್ಕೇ ಹಾರಿತು.

ಇದರ ಜೊತೆಗೆ ಕುದುರೆಗೆ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಏನೂ ಕಾಣುವುದಿಲ್ಲ. ಕೊನೆಯ ಹೆಜ್ಜೆಯಲ್ಲಿ ದಿಮ್ಮಿ ಅದರ ನೋಟದಿಂದ ಮಾಯ. ದೂರದಿಂದ ನೋಡಿದ್ದನ್ನು ನಂಬಿಯೇ ಅದು ನೆಲ ಬಿಡಬೇಕು. ಬಣ್ಣದ ವಿಷಯದಲ್ಲೂ ಅಷ್ಟೆ. ನೀಲಿ, ಹಳದಿ ತಿಳಿಯುತ್ತದೆ, ಕೆಂಪು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಹಸಿರು ತೋಟದ ಮುಂದೆ ಕೆಮ್ಮಣ್ಣು ಮೆತ್ತಿದ ದಿಮ್ಮಿ, ಅದಕ್ಕೆ ದಿಮ್ಮಿಯೇ ಸರಿಯಾಗಿ ಬೇರೆಯಾಗಿ ಕಾಣದಿರಬಹುದು. ಮೇಲಂಚಿಗೆ ಸುಣ್ಣ ಬಳಿಯಿರಿ.

ಕರಿಮೆಣಸು | ಜನವರಿ 11

ಇದೊಳ್ಳೆ ಪತ್ತೇದಾರಿ ಕಥೆಯಾಯಿತಲ್ಲ. ಬಾಣೆಮನೆ ಅವರೇ, ನನ್ನ ಮೊದಲ ಮಾತು ವಾಪಸ್. ನಮ್ಮಲ್ಲಿ ಪಲ್ಪ್ ಮಾಡದೆ ಒಣಗಿಸಿದ ಕಾಫಿಯ ಹೊಟ್ಟು ರಾಶಿ ಬಿದ್ದಿದೆ. ಲಾಯಕ್ಕೆ ಹಾಸಲು, ದಿಮ್ಮಿಯ ಆಚೆ ಮೆತ್ತಗೆ ಹರಡಲು ಬೇಕಾದರೆ ಜೀಪಿನಲ್ಲಿ ಕಳಿಸುತ್ತೇನೆ, ಬಿಟ್ಟಿ.

ಲಾಯದ ವೈದ್ಯೆ | ಜನವರಿ 11

ದಯವಿಟ್ಟು ಬೇಡ. ಕುದುರೆ ಹಾಸಿದ್ದನ್ನೆಲ್ಲ ಮೂಸಿ ತಿನ್ನುವ ಪ್ರಾಣಿ. ಕಾಫಿ ಹೊಟ್ಟಿನಲ್ಲಿ ಕೆಫೀನ್ ಇರುತ್ತದೆ, ಕುದುರೆ ಸ್ಪರ್ಧೆಗಳಲ್ಲಿ ಕೆಫೀನ್ ನಿರ್ಬಂಧಿತ ವಸ್ತು. ಮುಂದೆ ಆ ಹುಡುಗಿ ಸ್ಪರ್ಧೆಗೆ ಹೋಗಿ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ನಮ್ಮದು ಕಾಫಿ ತೋಟ" ಎಂಬ ಉತ್ತರ ನಡೆಯುವುದಿಲ್ಲ. ಹಾಸಲು ಬತ್ತದ ಹುಲ್ಲು ಸಾಕು. ದಾರಿಬದಿಯ ಕಣಗಿಲೆಯನ್ನೂ ಬೇಲಿಯ ಲಂಟಾನವನ್ನೂ ಕಡಿಸಿ. ಕಣಗಿಲೆಯ ಒಂದು ಹಿಡಿ ಎಲೆ ಕುದುರೆಯ ಜೀವ ತೆಗೆಯಬಲ್ಲದು, ತಿಂದದ್ದನ್ನು ವಾಂತಿ ಮಾಡಿ ಹೊರಹಾಕುವುದು ಕುದುರೆಯಿಂದ ಆಗದು.

ಬೆಂಗಳೂರು ಲಗಾಮು | ಜನವರಿ 12

ವೈದ್ಯೆಯವರ ಮಾತು ಒಪ್ಪಿದೆ, ಆದರೆ ಅರ್ಧ. ಮಕ್ಕಳಿಗೆ ಕಲಿಸುವುದು ನನ್ನ ಹೊಟ್ಟೆಪಾಡು, ಹಾಗಾಗಿ ಸವಾರರ ತಪ್ಪು ಮೊದಲು ಕಣ್ಣಿಗೆ ಬೀಳುತ್ತದೆ. ಮೊದಲ ಸಲ ಕುದುರೆ ನಿಂತದ್ದು ಬೆಳಕಿನಿಂದ. ಎರಡನೆಯ ಸಲ ಹುಡುಗಿ "ನಿಲ್ಲುತ್ತದೆ" ಎಂದುಕೊಂಡೇ ಬಂದಿರುತ್ತಾಳೆ. ಕಣ್ಣು ದಿಮ್ಮಿಯ ಮೇಲೆ, ಮೈ ಕುದುರೆಗಿಂತ ಮೊದಲೇ ಮುಂದಕ್ಕೆ. ಸವಾರ ದಿಮ್ಮಿಯನ್ನು ನೋಡಿದರೆ ಕುದುರೆ ದಿಮ್ಮಿಯ ಹತ್ತಿರವೇ ನಿಲ್ಲುತ್ತದೆ, ಇದು ನಾನು ದಿನಾ ನೋಡುವ ನೋಟ. ಆಚೆಯ ಯಾವುದಾದರೂ ಮರಕ್ಕೆ ಬಿಳಿ ಬಟ್ಟೆ ಕಟ್ಟಿ. ಅವಳು ನೋಡಬೇಕಾದ್ದು ಅದನ್ನು.

ಕಲಿಸುವ ಕ್ರಮ ಹೀಗಿರಲಿ. ಬಯಲಿನಲ್ಲೇ, ತೋಟದಿಂದ ಐವತ್ತು ಹೆಜ್ಜೆ ದೂರದಲ್ಲಿ, ಇನ್ನೊಂದು ಸಣ್ಣ ದಿಮ್ಮಿ ಇಡಿ. ಕೊಂಬೆಯ ಮೊನೆಗಳನ್ನೆಲ್ಲ ಸವರಿ, ಎರಡೂ ಕಡೆ ಗೂಟ ಹೊಡೆದು ಉರುಳದಂತೆ ಮಾಡಿ. ಅದಕ್ಕೆ ಮುಂಚೆ, ಕುದುರೆ ಬರುವ ಕಡೆ, 1.3 ಮೀಟರ್ ಅಂತರದಲ್ಲಿ ನಾಲ್ಕು ಕೋಲು ನೆಲಕ್ಕೆ ಹಾಸಿ, ಕುಲುಕು ಓಟವಾದ ಟ್ರಾಟ್‌ನಲ್ಲಿ ಬನ್ನಿ. ಕೊನೆಯ ಕೋಲಿನಿಂದ ದಿಮ್ಮಿಗೆ 2.7 ಮೀಟರ್. ಕೋಲುಗಳೇ ಕುದುರೆಯ ಹೆಜ್ಜೆ ಅಳೆದುಕೊಡುತ್ತವೆ, ಹುಡುಗಿ ಲೆಕ್ಕ ಹಾಕುವ ಗೋಜೇ ಇಲ್ಲ. ಎರಡೂ ದಿಕ್ಕಿನಿಂದ ಬೇಸರವಾಗುವಷ್ಟು ಮಾಡಿ. ಮೂರು ದಿನಕ್ಕೊಮ್ಮೆ ಹತ್ತು ಹೆಜ್ಜೆಯಂತೆ ದಿಮ್ಮಿಯನ್ನು ತೋಟದ ಕಡೆಗೆ ಸರಿಸಿ. ಎತ್ತರ ಒಂದು ಬೆರಳಷ್ಟೂ ಏರಿಸಬೇಡಿ.

ಹಳೆಯ ರಿಸಾಲೆ | ಜನವರಿ 12

ಟ್ರಾಟ್‌ನಲ್ಲಿ ಬೇಡ. ಥರೋಬ್ರೆಡ್, ಅಂದರೆ ರೇಸ್ ತಳಿಯ ಕುದುರೆ ಟ್ರಾಟ್‌ನಿಂದ ಹಾರಿದರೆ ಜಿಂಕೆಯ ಹಾಗೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ, ಹುಡುಗಿ ಆಕಾಶದಲ್ಲಿ ಉಳಿಯುತ್ತಾಳೆ. ನಿಧಾನದ ಕ್ಯಾಂಟರ್ (ಅದಕ್ಕಿಂತ ವೇಗದ ನೆಗೆತದ ಓಟ) ಇರಲಿ.

ಬೆಂಗಳೂರು ಲಗಾಮು | ಜನವರಿ 12

ಸರ್, ಕ್ಯಾಂಟರ್‌ನಲ್ಲಿ ಕುದುರೆಗೆ ನೋಡಲು ಸಮಯ ಸಿಗುವುದಿಲ್ಲ. ಇಲ್ಲಿ ತೊಂದರೆಯೇ ನೋಟದ್ದು. ಕುತ್ತಿಗೆಗೊಂದು ಹಳೆಯ ಪಟ್ಟಿ ಕಟ್ಟಿ, ಚಿಮ್ಮಿದರೆ ಹುಡುಗಿ ಅದನ್ನು ಹಿಡಿದುಕೊಳ್ಳಲಿ. ಕಡಿವಾಣ ಎಳೆದು ಬಾಯಿ ನೋಯಿಸುವುದಾದರೂ ತಪ್ಪುತ್ತದೆ.

ಹಳೆಯ ರಿಸಾಲೆ | ಜನವರಿ 13

ಪಟ್ಟಿಯ ಮಾತು ಒಪ್ಪಿದೆ. ಟ್ರಾಟ್‌ನ ಮಾತು ಒಪ್ಪಿಲ್ಲ. ಹಾರುವಾಗ ಸವಾರ ಹಿಂದಕ್ಕೆ ಒರಗಬೇಕು ಎಂದು ಇಡೀ ಯುರೋಪಿನ ಸೈನ್ಯಗಳು ನಂಬಿದ್ದವು. ಇಟಲಿಯ ಕ್ಯಾಪ್ಟನ್ ಕ್ಯಾಪ್ರಿಲಿ ಬಂದು, ಕುದುರೆಯ ಬೆನ್ನನ್ನೂ ಬಾಯಿಯನ್ನೂ ಬಿಟ್ಟುಕೊಟ್ಟು ಅದರ ಜೊತೆ ಮುಂದಕ್ಕೆ ಹೋಗಿ ಎಂದ. ಅವನನ್ನು ಮೊದಲು ಯಾರೂ ನಂಬಲಿಲ್ಲ. ನನ್ನನ್ನೂ ನಂಬಬೇಡಿ, ಎರಡೂ ರೀತಿ ಮಾಡಿಸಿ ನೋಡಿ, ಕುದುರೆಯೇ ಹೇಳುತ್ತದೆ.

ಸುಂಟಿಕೊಪ್ಪದ ಅಕ್ಕ | ಜನವರಿ 14

ಗಂಡಸರ ಟ್ರಾಟ್ ಕ್ಯಾಂಟರ್ ಜಗಳದ ನಡುವೆ ಒಂದು ಮಾತು. ಆ ಮಗು ತಲೆಗೆ, ಎದೆಗೆ ಏನು ಹಾಕಿಕೊಳ್ಳುತ್ತಾಳೆ ಎಂದು ಯಾರೂ ಕೇಳಲೇ ಇಲ್ಲವಲ್ಲ?

ನಾನು ಕಾಲೇಜಿನಲ್ಲಿದ್ದಾಗ ಒಂದು ಊರಿನ ಸವಾರಿ ಶಾಲೆಗೆ ಸೇರಿದ್ದೆ. ಮೂರನೆಯ ವಾರಕ್ಕೇ ಕೋಲಿನ ಎತ್ತರ ಏರಿಸಿದರು, ಅಂದು ಯಾರೋ ದೊಡ್ಡವರು ನೋಡಲು ಬಂದಿದ್ದರಂತೆ. ಕುದುರೆ ನಿಂತಿತು, ನಾನು ಮಾತ್ರ ಹಾರಿದೆ. ಕೊರಳೆಲುಬು ಮುರಿಯಿತು. ಇವತ್ತಿಗೂ ಮಳೆ ಹಿಡಿದರೆ ಎಡ ಭುಜ ಹೇಳುತ್ತದೆ, ಕೊಡಗಿನಲ್ಲಿ ಮಳೆ ಹಿಡಿಯದ ತಿಂಗಳು ಎಷ್ಟಿದೆ ನೀವೇ ಲೆಕ್ಕ ಹಾಕಿ. ಅಂಗಳದ ಕೋಲು ತಾಗಿದರೆ ಬೀಳುತ್ತದೆ. ದಿಮ್ಮಿ ಬೀಳುವುದಿಲ್ಲ ಅಪ್ಪಾ, ಬೀಳುವುದು ಕುದುರೆ, ಅದರ ಕೆಳಗೆ ಸವಾರ. ಬೈಕಿನ ಹೆಲ್ಮೆಟ್, ಕ್ರಿಕೆಟ್ ಹೆಲ್ಮೆಟ್ ನಡೆಯುವುದಿಲ್ಲ, ಸವಾರಿಯದ್ದೇ ಬೇಕು. ಎದೆ ಬೆನ್ನಿಗೆ ಬಾಡಿ ಪ್ರೊಟೆಕ್ಟರ್ ಬೇಕು. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಎಸೆದುಬಿಡಿ. ಒಬ್ಬಳೇ ಇರುವಾಗ ಹಾರಿಸಕೂಡದು. ನಿಮ್ಮ ಬಾಣೆಯಲ್ಲಿ ಮೊಬೈಲ್ ಸಿಗ್ನಲ್ ಇದೆಯೇ?

ಬಾಣೆಮನೆ | ಜನವರಿ 14

ಅಕ್ಕಾ, ಹೆಲ್ಮೆಟ್ ಸವಾರಿಯದ್ದೇ. ಬಾಡಿ ಪ್ರೊಟೆಕ್ಟರ್ ಇರಲಿಲ್ಲ, ಇವತ್ತೇ ತರಿಸಲು ಹೇಳಿದೆ. ಸಿಗ್ನಲ್ ದಿಮ್ಮಿಯ ಹತ್ತಿರ ಇಲ್ಲ, ಬಾಣೆಯ ನೆತ್ತಿಯಲ್ಲಿದೆ. ಇನ್ನು ಮೇಲೆ ನಾನೋ ಅವಳ ಅಮ್ಮನೋ ಜೊತೆಗಿರುತ್ತೇವೆ.

ಎರಡು ಗದ್ದೆ | ಜನವರಿ 20

ಸುಮ್ಮನೆ ಓದುತ್ತಿದ್ದೆ, ಕುತೂಹಲ ತಡೆಯಲಾಗಲಿಲ್ಲ. ಈ ಆಟದಲ್ಲಿ ಗೆಲುವು ಸೋಲು ಹೇಗೆ? ನಮ್ಮ ಗದ್ದೆಯ ಹಿಂದೆ ಹಳೆಯ ಕಡಂಗ ಇದೆ, ಅದನ್ನು ಹಾರಿಸಬಹುದೇ?

ಹಳೆಯ ರಿಸಾಲೆ | ಜನವರಿ 20

ಕಡಂಗವನ್ನೇ? ಶತ್ರುಗಳು ದಾಟಬಾರದು ಎಂದು ಹಿರಿಯರು ತೋಡಿದ ಕಂದಕ ಅದು, ಕೆಲವೆಡೆ ಎರಡಾಳು ಆಳ. ಹಾರಿಸುವ ಮಾತೇ ಬೇಡ. ಆದರೆ ಮಣ್ಣು ಜರಿದು ತಗ್ಗಾದ ಕಡೆ ಅಡ್ಡವಾಗಿ ಇಳಿದು ಹತ್ತುವ ಜಾಗ ಇದ್ದೇ ಇರುತ್ತದೆ. ಅಲ್ಲಿ ನಡಿಗೆಯಲ್ಲಿ ಇಳಿಸಿ ಹತ್ತಿಸಿ, ಬರೆ ಇಳಿಯುವ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಳಿಯುವಾಗ ಮೊಣಕಾಲಿನ ಕೆಳಗಿನ ಕಾಲು ಸ್ವಲ್ಪ ಮುಂದೆ, ಭುಜ ಹಿಂದೆ, ಲಗಾಮು ಬೆರಳ ನಡುವೆ ತಾನಾಗಿ ಜಾರಲಿ. ಕುದುರೆ ಕುತ್ತಿಗೆ ಚಾಚಲು ಲಗಾಮು ಕೊಡದಿದ್ದರೆ ಅದು ನಿಮ್ಮನ್ನೇ ಕಿತ್ತು ಮುಂದೆ ಹಾಕುತ್ತದೆ. ಮೇಲೆ ಬಂದ ಮೇಲೆ ಲಗಾಮನ್ನು ಮತ್ತೆ ಕೂಡಿಸಿಕೊಳ್ಳುವ ಚುರುಕು ಬೇಕು, ಅದನ್ನು ಮನೆಯಲ್ಲಿ ಕುರ್ಚಿಗೆ ಹಗ್ಗ ಕಟ್ಟಿಯೂ ಕಲಿಯಬಹುದು.

ಗೆಲುವು ಸೋಲಿನ ಲೆಕ್ಕ: ಈವೆಂಟಿಂಗ್ ಎಂದರೆ ಮೂರು ಪರೀಕ್ಷೆ, ಒಂದೇ ಕುದುರೆ, ಒಬ್ಬನೇ ಸವಾರ. ಮೊದಲು ಡ್ರೆಸಾಜ್, ಅದು ವಿಧೇಯತೆ. ನಡುವೆ ಕ್ರಾಸ್ ಕಂಟ್ರಿ, ಅದು ಎದೆಗಾರಿಕೆ. ಕೊನೆಗೆ ಬೀಳುವ ಕೋಲುಗಳ ಶೋ ಜಂಪಿಂಗ್, ಇಷ್ಟೆಲ್ಲ ಆದ ಮೇಲೂ ಕುದುರೆಯಲ್ಲಿ ಕಸುವು ಉಳಿದಿದೆಯೇ ಎಂದು ನೋಡಲು. ಕ್ರಾಸ್ ಕಂಟ್ರಿಯಲ್ಲಿ ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ ಬರುವಂತೆ ಹಾರಬೇಕು. ಕುದುರೆ ಒಮ್ಮೆ ನಿಂತರೆ 20 ಅಂಕ ದಂಡ, ಅದೇ ತಡೆಯಲ್ಲಿ ಮತ್ತೆ ನಿಂತರೆ 40. ನಿಗದಿತ ಸಮಯ ಮೀರಿದರೆ ಸೆಕೆಂಡಿಗೆ 0.4. ಸವಾರ ಬಿದ್ದರೆ ಅಲ್ಲಿಗೆ ಆಟ ಮುಗಿಯಿತು. ಅತ್ಯುನ್ನತ ಮಟ್ಟದಲ್ಲಿ ವೇಗ ನಿಮಿಷಕ್ಕೆ 570 ಮೀಟರ್, ಗಟ್ಟಿ ತಡೆಯ ಎತ್ತರ 1.20 ಮೀಟರ್. ಕೇಳಲು ಕಡಿಮೆ ಅನ್ನಿಸುತ್ತದೆ. ಇಳಿಜಾರಿನಲ್ಲಿ, ಆಚೆ ನೀರಿರುವಾಗ, ಅಷ್ಟು ಕಡಿಮೆಯಲ್ಲ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಶುರುವಾದಾಗ ಇದು ಬರೀ ಸೇನಾಧಿಕಾರಿಗಳ ಆಟ. ಹೆಂಗಸರು ಒಲಿಂಪಿಕ್ಸ್‌ನಲ್ಲಿ ಇದಕ್ಕಿಳಿದದ್ದು 1964ರಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ರಘುಬೀರ್ ಸಿಂಗ್ ಚಿನ್ನ ಗೆದ್ದಾಗ ಇಡೀ ಲಾಯ ರೇಡಿಯೋ ಸುತ್ತ ಕೂತಿತ್ತು.

ಬೆಂಗಳೂರು ಲಗಾಮು | ಜನವರಿ 20

ಅದಾದ ಮೇಲೆ ವೈಯಕ್ತಿಕ ಪದಕಕ್ಕೆ 36 ವರ್ಷ ಕಾಯಬೇಕಾಯಿತು. 2018ರಲ್ಲಿ ಜಕಾರ್ತಾದಲ್ಲಿ ಬೆಳ್ಳಿ ತಂದ ಫವಾದ್ ಮಿರ್ಜಾ ನಮ್ಮ ಬೆಂಗಳೂರಿನವರೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತಿಗೂ ಹೋಗಿ 23ನೆಯವರಾದರು. ನನ್ನ ಮಕ್ಕಳಿಗೆ ಅವರ ಡ್ರೆಸಾಜ್ ತೋರಿಸುತ್ತೇನೆ. ಎಲ್ಲರೂ ನೀರಿಗೆ ಹಾರುವ ವಿಡಿಯೋವನ್ನೇ ನೋಡುತ್ತಾರೆ.

ಬಾಣೆಮನೆ | ಫೆಬ್ರವರಿ 6

ತಡವಾಯಿತು, ಕೊಯ್ಲು. ವರದಿ ಕೊಡುತ್ತೇನೆ.

ಬಯಲಿನ ದಿಮ್ಮಿಯನ್ನು ಎರಡೂ ರೀತಿ ಮಾಡಿಸಿದೆವು. ರಿಸಾಲೆ ಸರ್, ಕ್ಷಮಿಸಿ, ಟ್ರಾಟ್ ಗೆದ್ದಿತು. ಮೊದಲ ಎರಡು ದಿನ ನೀವು ಹೇಳಿದಂತೆ ಜಿಂಕೆಯ ಹಾಗೆಯೇ ಚಿಮ್ಮಿತು, ಮಗಳ ಬೆರಳಿಗೆಲ್ಲ ಕುತ್ತಿಗೆ ಪಟ್ಟಿಯ ಬರೆ. ಮೂರನೆಯ ದಿನದಿಂದ ತಲೆ ತಗ್ಗಿಸಿ, ಕೋಲು ಎಣಿಸುತ್ತ ಬಂದು, ಬೆನ್ನು ಬಾಗಿಸಿ ದಾಟಿತು. ಕಿವಿಗಳನ್ನು ನೋಡಬೇಕಿತ್ತು. ದೂರದಲ್ಲಿ ಎರಡೂ ದಿಮ್ಮಿಯ ಕಡೆಗೆ ನೆಟ್ಟಗೆ, ಕೊನೆಯ ಹೆಜ್ಜೆಯಲ್ಲಿ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿ ಅವಳ ಉಸಿರು ಕೇಳುವಂತೆ.

ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ ಸರಿಸುತ್ತ ಬಂದೆವು. ತೋಟದ ಅಂಚಿನ ಎರಡು ಮರಗಳ ಕೊಂಬೆ ತೆಗೆಸಿದೆ, ಉಳಿದದ್ದು ಏಪ್ರಿಲಿನ ಮರ ಕಪಾತಿಗೆ. ಹಳೆಯ ದಿಮ್ಮಿಗೆ ಸುಣ್ಣ ಬಳಿದು, ಒಳಗೆ ಮೂವತ್ತು ಹೆಜ್ಜೆಯಲ್ಲಿ ಹಲಸಿನ ಮರಕ್ಕೆ ಬಿಳಿ ಪಂಚೆ ಕಟ್ಟಿದೆವು. ಮೊದಲು ಮಗಳು ಇಳಿದು ಕುದುರೆಯನ್ನು ಕೈಯಲ್ಲಿ ಹಿಡಿದು ಪಕ್ಕದಿಂದ ಒಳಗೆ ಕರೆದೊಯ್ದು, ನೆರಳಿನಲ್ಲಿ ಐದು ನಿಮಿಷ ನಿಲ್ಲಿಸಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ತಿನ್ನಿಸಿ, ಹೊರಗೆ ಕರೆತಂದಳು. ಆಮೇಲೆ ಜೀನು ಹತ್ತಿದಳು. ನಾಲ್ಕೂಕಾಲರ ಬಿಸಿಲು, ಮಂಜಿಲ್ಲ, ಏನೂ ಇಲ್ಲ. ಹಾರಿದ!

ಅವಳ ಅಮ್ಮ ಅತ್ತುಬಿಟ್ಟಳು. ನನಗೆ ಕಣ್ಣಿಗೆ ಧೂಳು ಬಿತ್ತು.

ಒಂದು ವಿಘ್ನ. ಎರಡನೆಯ ತಡೆ ಎಂದು ಕಟ್ಟಿದ್ದ ದಿಮ್ಮಿಯನ್ನು ಮೊನ್ನೆ ರಾತ್ರಿ ಕಾಡಾನೆ ಎತ್ತಿ ತೋಡಿಗೆ ಉರುಳಿಸಿದೆ. ಗೂಟಗಳನ್ನು ಸಾಲಾಗಿ ಕಿತ್ತು ಒಂದೇ ಕಡೆ ಹಾಕಿದೆ, ಬಹಳ ಅಚ್ಚುಕಟ್ಟು.

ಕರಿಮೆಣಸು | ಫೆಬ್ರವರಿ 6

ಆನೆ ನಡೆದದ್ದೇ ದಾರಿ. ಬಾವುಟ ಕಟ್ಟಿರಲಿಲ್ಲವೇ, ಕೆಂಪು ಬಲಕ್ಕೆ, ಬಿಳಿ ಎಡಕ್ಕೆ? ಅದಕ್ಕೆ 20 ದಂಡ ಹಾಕಿ.

ಹಳೆಯ ರಿಸಾಲೆ | ಫೆಬ್ರವರಿ 7

ಟ್ರಾಟ್ ಗೆದ್ದಿತು, ಒಪ್ಪಿದೆ. ಲಗಾಮು ಅವರೇ, ನಿಮಗೊಂದು ಸೆಲ್ಯೂಟ್.

ಇನ್ನು ವೇಗದ ಪಾಠ. ಹಗ್ಗ ಹಿಡಿದು ಬಾಣೆಯಲ್ಲಿ 350 ಮೀಟರ್ ಅಳೆದು ಎರಡು ತುದಿಗೆ ಗೂಟ ನೆಡಿ. ಅದನ್ನು ಸರಿಯಾಗಿ ಒಂದು ನಿಮಿಷದಲ್ಲಿ ಮುಗಿಸಬೇಕು, 55 ಸೆಕೆಂಡಿಗೂ ಅಲ್ಲ, 65ಕ್ಕೂ ಅಲ್ಲ. ಗಡಿಯಾರ ನೋಡದೆ ಬರುವ ತನಕ ಮಾಡಲಿ. ಆಮೇಲೆ 400. ರೇಸ್ ಕುದುರೆಗೆ ಓಡುವುದನ್ನು ಕಲಿಸಬೇಕಿಲ್ಲ, ಓಡದಿರುವುದನ್ನು ಕಲಿಸಬೇಕು.

ಲಾಯದ ವೈದ್ಯೆ | ಫೆಬ್ರವರಿ 7

ಅದರ ಜೊತೆ ನಾಡಿ ಲೆಕ್ಕವನ್ನೂ ಕಲಿಸಿ. ದವಡೆಯ ಕೆಳಗಿನ ಅಂಚಿನಲ್ಲಿ ಬೆರಳಿಗೆ ದಾರದಂತೆ ಸಿಗುವ ರಕ್ತನಾಳವಿದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತಿರುವಾಗ 28ರಿಂದ 40. ನಾಲ್ಕು ದಿನಕ್ಕೊಮ್ಮೆ ಮೂರು ನಿಮಿಷ ಕ್ಯಾಂಟರ್, ಮೂರು ನಿಮಿಷ ನಡಿಗೆ, ಹೀಗೆ ಮೂರು ಸುತ್ತು. ಮುಗಿದ ಹತ್ತು ನಿಮಿಷಕ್ಕೆ ನಾಡಿ 64ಕ್ಕಿಂತ ಕೆಳಗಿಳಿದರೆ ಆ ಕೆಲಸ ಅದಕ್ಕೆ ಹಿಡಿಸಿದೆ. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡಿ.

ಬೆವರಿದ ಕುದುರೆಗೆ ತಣ್ಣೀರು ಹಾಕಿದರೆ ಮೈ ಹಿಡಿದುಕೊಳ್ಳುತ್ತದೆ ಎಂದು ನಿಮ್ಮ ಹುಡುಗ ಹೇಳಿಯೇ ಹೇಳುತ್ತಾನೆ. ನಮ್ಮ ಮೇಷ್ಟ್ರುಗಳೂ ಹಾಗೆಯೇ ಹೇಳುತ್ತಿದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೆಕೆಗೆ ಹೆದರಿ ನಡೆಸಿದ ಅಧ್ಯಯನಗಳಲ್ಲಿ ಅದು ಸುಳ್ಳೆಂದು ತಿಳಿಯಿತು. ತೋಡಿನ ನೀರನ್ನೇ ಬಕೆಟ್ಟಿನಲ್ಲಿ ಮೈಮೇಲೆಲ್ಲ ಸುರಿಯಿರಿ, ಮತ್ತೆ ಮತ್ತೆ ಸುರಿಯಿರಿ. ಕುಡಿಯಲೂ ಕೊಡಿ.

ಬಾಣೆಮನೆ | ಮಾರ್ಚ್ 11

ಒಂದು ಬೀಳುವಿಕೆಯ ಸುದ್ದಿ, ಗಾಬರಿ ಬೇಡ, ಮಗಳು ಚೆನ್ನಾಗಿದ್ದಾಳೆ.

ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲವೆಂದು ಸ್ಪ್ರಿಂಕ್ಲರ್ ಹಾಕಿದ್ದೆವು. ಮಗಳು ಬಯಲಿನಿಂದ ಬಂದು ದಿಮ್ಮಿಯನ್ನು ಚೆಂದವಾಗಿ ದಾಟಿದಳು, ಅಷ್ಟರಲ್ಲಿ ನೀರಿನ ಚಿಮ್ಮು ಸುತ್ತಿಕೊಂಡು ಬಂದು ಕಾಫಿ ಎಲೆಗಳ ಮೇಲೆ ಚಟಚಟ ಎಂದು ಬಡಿಯಿತು. ಕುದುರೆ ಬಲಕ್ಕೆ ಹಾರಿತು, ಮಗಳು ಎಡಕ್ಕೆ. ಹೆಲ್ಮೆಟ್ ಕಾಫಿ ಗಿಡದ ಬುಡಕ್ಕೆ ಠಣ್ ಎಂದಿತು. ಕುದುರೆ ಹತ್ತು ಹೆಜ್ಜೆ ಹೋಗಿ ನಿಂತು ಹೂಮೊಗ್ಗಿರುವ ಕೊಂಬೆಯೊಂದನ್ನು ಬಾಯಿಗೆ ಹಾಕಿಕೊಂಡಿತು. ಮಗಳ ಮೊದಲ ಮಾತು, "ಅಪ್ಪಾ, ಕೆಫೀನ್! ತೆಗೆಯಿರಿ!"

ಸುಂಟಿಕೊಪ್ಪದ ಅಕ್ಕಾ, ಬಾಡಿ ಪ್ರೊಟೆಕ್ಟರ್ ಇತ್ತು. ಹೆಲ್ಮೆಟ್ ಹೊರಗೆ ಗೀರು ಕೂಡ ಇಲ್ಲ, ಆದರೂ ನೀವು ಹೇಳಿದಂತೆ ಎಸೆದೆ. ಹೊಸದು ಬರುವವರೆಗೆ ಅವಳು ಜೀನು ಹತ್ತುವುದಿಲ್ಲ, ಕುದುರೆಯನ್ನು ಕೈಯಲ್ಲಿ ಹಿಡಿದು ಸ್ಪ್ರಿಂಕ್ಲರ್ ಸುತ್ತ ನಡೆಸುತ್ತಿದ್ದಾಳೆ. ಮೊದಲ ದಿನ ಮೂವತ್ತು ಅಡಿ ದೂರ, ಇವತ್ತು ಎಂಟು.

ಸುಂಟಿಕೊಪ್ಪದ ಅಕ್ಕ | ಮಾರ್ಚ್ 11

ಎರಡು ದಿನ ತಲೆನೋವು, ವಾಂತಿ, ಮಂಕು ಏನಾದರೂ ಇದೆಯೇ ನೋಡುತ್ತಿರಿ. ಇದ್ದರೆ ನಾಳೆ ಎನ್ನದೆ ಆಸ್ಪತ್ರೆಗೆ ಹೋಗಿ. ಮಗುವಿಗೆ ನನ್ನ ಮುತ್ತು.

ಬೆಂಗಳೂರು ಲಗಾಮು | ಮಾರ್ಚ್ 12

ಹಾರಿದ ಮೇಲೆ ಲಗಾಮು ಕೂಡಿಸಿಕೊಳ್ಳುವುದು ನಿಧಾನವಾಯಿತು ಅನ್ನಿಸುತ್ತದೆ. ರಿಸಾಲೆ ಸರ್ ಹೇಳಿದ ಕುರ್ಚಿಯ ಪಾಠ ಮಾಡಿಸಿ, ಹೆಲ್ಮೆಟ್ ಬರುವವರೆಗೆ ಅದಕ್ಕೆ ಸಮಯವಿದೆ. ಕಾಲಿಡುವ ರಿಕಾಪನ್ನೂ ಎರಡು ತೂತು ಮೇಲಕ್ಕೆ ಏರಿಸಿ. ಅಂಗಳದ ಸವಾರಿಗೆ ಇಡುವ ರಿಕಾಪಿನ ಉದ್ದದಲ್ಲೇ ಇಲ್ಲೂ ಸವಾರಿ ಮಾಡುತ್ತಿದ್ದಾಳೆ ಎಂದು ನನ್ನ ಊಹೆ.

ಬಾಣೆಮನೆ | ಮಾರ್ಚ್ 12

ಸರಿಯಾಗಿ ಹೇಳಿದಿರಿ, ಅಂಗಳದ ಉದ್ದವೇ. ಏರಿಸುತ್ತೇವೆ. ಜೂನ್ ಬಂದರೆ ಕೆಮ್ಮಣ್ಣು ಸಾಬೂನಿನಂತಾಗುತ್ತದೆ, ಜಿಗಣೆ ಬೇರೆ. ಆಮೇಲೆ ಸೆಪ್ಟೆಂಬರ್‌ವರೆಗೆ ಹಾರುವುದು ಆಗದು. ಅಷ್ಟರೊಳಗೆ ನೀರು ದಾಟಿಸುವ ಪಾಠ ಶುರುಮಾಡಬಹುದೇ?

ಹಳೆಯ ರಿಸಾಲೆ | ಮಾರ್ಚ್ 13

ಮಾಡಬಹುದು. ಮೊದಲು ನೀವೇ ಪಂಚೆ ಮೇಲೆತ್ತಿ ತೋಡಿನಲ್ಲಿ ನಡೆದು ನೋಡಿ. ಅಡಿಯಲ್ಲಿ ಮರಳೋ ಗಟ್ಟಿ ಜಲ್ಲಿಯೋ ಇದ್ದರೆ ಸರಿ, ಕೆಸರಿದ್ದರೆ ಬೇರೆ ಜಾಗ ಹುಡುಕಿ. ಒಮ್ಮೆ ಕಾಲು ಹೂತ ಕುದುರೆ ಆಮೇಲೆ ನೀರನ್ನೇ ನಂಬುವುದಿಲ್ಲ. ಆನೆ ಉರುಳಿಸಿದ ದಿಮ್ಮಿ ಅಲ್ಲೇ ಎಲ್ಲಾದರೂ ಮುಳುಗಿದ್ದರೆ ಅದನ್ನೂ ತೆಗೆಸಿ. ಶನಿವಾರ ಗೋಣಿಕೊಪ್ಪದಲ್ಲಿ ಮದುವೆಯಿದೆ, ಊಟ ಮುಗಿಸಿ ನಿಮ್ಮ ಕಡೆ ಬರಲೇ? ಕುದುರೆಯನ್ನು ಕಣ್ಣಾರೆ ನೋಡಬೇಕು.

ಬಾಣೆಮನೆ | ಮಾರ್ಚ್ 13

ಬನ್ನಿ ಸರ್, ಖಂಡಿತ ಬನ್ನಿ. ಗೋಣಿಕೊಪ್ಪದಿಂದ ನಾನೇ ಜೀಪಿನಲ್ಲಿ ಕರೆತರುತ್ತೇನೆ. ಕಾಫಿ ಕುದುರೆಗಿಲ್ಲ, ನಿಮಗಿದೆ.